ನೀಲಿ ತಿಳಿಯಾಯಿತು, ಕೆಂಪು ಏಕೆ ಹಾಗೆಯೇ ಉಳಿಯಿತು?

ಪ್ರಶ್ನೆ: ಹತ್ತಿ ನೂಲಿಗೆ ಬಣ್ಣ ಹಾಕುವ ಸಣ್ಣ ಘಟಕವೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಜೇಡಿಮಣ್ಣಿನಿಂದ ಬಣ್ಣದ ನೀರನ್ನು ತಿಳಿಗೊಳಿಸಬಹುದೆಂದು ಓದಿ, ಬೆಂಟೊನೈಟ್ ಪುಡಿ ತರಿಸಿ ಪರೀಕ್ಷೆ ಮಾಡಿದೆ. ಮೆಥಿಲೀನ್ ನೀಲಿ ಬೆರೆಸಿದ ಒಂದು ಲೀಟರ್ ನೀರಿಗೆ ಒಂದು ಚಮಚ ಪುಡಿ ಹಾಕಿ ಕಲಕಿ, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ನೋಡಿದರೆ ಮೇಲಿನ ನೀರು ತಿಳಿಯಾಗಿತ್ತು. ಅದೇ ಪುಡಿಯನ್ನು ನಮ್ಮ ತೊಟ್ಟಿಯ ಕೆಂಪು ನೀರಿಗೆ ಹತ್ತು ಪಟ್ಟು ಹೆಚ್ಚು ಹಾಕಿದರೂ ಬಣ್ಣ ಕದಲಲಿಲ್ಲ. ನಾನು ಎಲ್ಲಿ ತಪ್ಪಿದೆ? ಈ ಕೆಂಪಿಗೆ ಯಾವ ಖನಿಜ ಆಗುತ್ತದೆ? ಬಳಸಿದ ಮಣ್ಣನ್ನು ಏನು ಮಾಡಬೇಕು? ಕುಂಬಾರರ ಜೇಡಿಮಣ್ಣನ್ನೇ ಬಳಸಲು ಸಾಧ್ಯವೇ?

ಉತ್ತರ: ನೀವು ಎಲ್ಲಿಯೂ ತಪ್ಪಿಲ್ಲ. ನಿಮ್ಮ ಎರಡು ಬಾಟಲಿಗಳಲ್ಲಿ ಈ ವಿಷಯದ ತಿರುಳೇ ಇದೆ. ಖನಿಜಗಳಿಂದ ಬಣ್ಣ ತೆಗೆಯುವ ಬಗ್ಗೆ ನಡೆಯುವ ಪ್ರಯೋಗಗಳಲ್ಲಿ ಬಹುಪಾಲು ನಿಮ್ಮ ಮೊದಲ ಬಾಟಲಿಯ ಹತ್ತಿರವೇ ನಿಂತುಬಿಡುತ್ತವೆ. ಶುದ್ಧ ನೀರು, ಒಂದೇ ಬಣ್ಣ, ಅದೂ ಮೆಥಿಲೀನ್ ನೀಲಿ. ಫಲಿತಾಂಶ ಸೊಗಸಾಗಿ ಬರುತ್ತದೆ, ಓದಿದವರು ನಂಬಿ ಮಣ್ಣು ತರಿಸುತ್ತಾರೆ. ತೊಟ್ಟಿಯ ನೀರನ್ನೇ ತುಂಬಿಸಿದ ಎರಡನೆಯ ಬಾಟಲಿಯನ್ನು ನೀವು ಪರೀಕ್ಷಿಸಿದಿರಿ, ಅದು ಸೋತದ್ದನ್ನು ಮುಚ್ಚಿಡದೆ ಕೇಳಿದಿರಿ. ಉಪಯೋಗದ ಮಾತು ಅಲ್ಲಿಂದಲೇ ಶುರುವಾಗುತ್ತದೆ.

ಮೊದಲು ನೀಲಿ ಏಕೆ ಹೋಯಿತೆಂದು ನೋಡೋಣ. ಬೆಂಟೊನೈಟ್‌ನ ಮುಖ್ಯ ಖನಿಜ ಮಾಂಟ್‌ಮೊರಿಲೊನೈಟ್. ಅದು ಹಾಳೆಗಳ ಕಟ್ಟಿನಂತಿದ್ದು, ಒಂದೊಂದು ಹಾಳೆಯ ದಪ್ಪ ಸುಮಾರು ಒಂದು ನ್ಯಾನೋಮೀಟರ್. ಹಾಳೆಯೊಳಗೆ ಅಲ್ಯುಮಿನಿಯಂ ಇರಬೇಕಾದ ಕೆಲವು ಜಾಗಗಳಲ್ಲಿ ಮೆಗ್ನೀಸಿಯಂ ಕುಳಿತಿರುತ್ತದೆ. ಅಲ್ಯುಮಿನಿಯಂಗೆ ಮೂರು ಧನಾವೇಶ, ಮೆಗ್ನೀಸಿಯಂಗೆ ಎರಡು. ಹೀಗೆ ಒಂದೊಂದು ಬದಲಿಯಲ್ಲೂ ಒಂದು ಧನಾವೇಶ ಕಡಿಮೆಯಾಗಿ, ಇಡೀ ಹಾಳೆ ಶಾಶ್ವತವಾಗಿ ಋಣಾವೇಶ ಹೊತ್ತಿರುತ್ತದೆ. ಆ ಕೊರತೆಯನ್ನು ತುಂಬಲು ಹಾಳೆಗಳ ನಡುವೆ ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳು, ಎಂದರೆ ಆವೇಶ ಹೊತ್ತ ಕಣಗಳು, ಸಡಿಲವಾಗಿ ನಿಂತಿರುತ್ತವೆ. ನೀರಿಗೆ ಬಿದ್ದ ಕೂಡಲೇ ಕಟ್ಟು ಉಬ್ಬಿ ಹಾಳೆಗಳು ಬಿಡಿಸಿಕೊಳ್ಳುತ್ತವೆ. ಪೂರ್ತಿ ಬಿಡಿಸಿಕೊಂಡರೆ ಒಂದು ಗ್ರಾಂ ಮಣ್ಣಿನ ಮೇಲ್ಮೈ 700ರಿಂದ 800 ಚದರ ಮೀಟರ್, ಎಂದರೆ ಹತ್ತಿರಹತ್ತಿರ ಮೂರು ಟೆನಿಸ್ ಅಂಗಳಗಳಷ್ಟು ಆಗುತ್ತದೆ.

ಮೆಥಿಲೀನ್ ನೀಲಿ ನೀರಿನಲ್ಲಿ ಕರಗಿದಾಗ ಬಣ್ಣದ ಭಾಗ ಧನಾವೇಶದ್ದಾಗಿರುತ್ತದೆ. ಅದು ಚಪ್ಪಟೆಯಾದ, ಉದ್ದನೆಯ ಅಣು. ಹಾಳೆಯ ಮೇಲೆ ಮಲಗಲು ಹೇಳಿ ಮಾಡಿಸಿದಂತಿದೆ. ಸೋಡಿಯಂ ಅನ್ನು ಹೊರಗೆ ತಳ್ಳಿ ತಾನು ಆ ಜಾಗ ಹಿಡಿಯುತ್ತದೆ. ವಸ್ತುವೊಂದು ಘನವಸ್ತುವಿನ ಒಳಗೆ ಕರಗದೆ ಹೀಗೆ ಅದರ ಮೇಲ್ಮೈಗೆ ಅಂಟಿ ನಿಲ್ಲುವುದಕ್ಕೆ ಅಧಿಶೋಷಣೆ ಎಂದು ಹೆಸರು. ಎಷ್ಟು ಅಂಟಬಹುದೆಂದು ಕಾಗದದ ಮೇಲೆಯೇ ಲೆಕ್ಕ ಹಾಕಬಹುದು. ಒಳ್ಳೆಯ ಮಾಂಟ್‌ಮೊರಿಲೊನೈಟ್ 100 ಗ್ರಾಂಗೆ 80ರಿಂದ 120 ಮಿಲಿಮೋಲ್‌ನಷ್ಟು ಒಂಟಿ ಧನಾವೇಶದ ಅಯಾನುಗಳನ್ನು ವಿನಿಮಯ ಮಾಡಿಕೊಳ್ಳಬಲ್ಲದು. ಮಿಲಿಮೋಲ್ ಎಂದರೆ ಅಣು, ಅಯಾನುಗಳನ್ನು ಎಣಿಸುವ ಅಳತೆ. ಒಂದು ಗ್ರಾಂಗೆ ಸರಿಸುಮಾರು ಒಂದು ಮಿಲಿಮೋಲ್ ಎಂದಿಟ್ಟುಕೊಳ್ಳಿ. ಮೆಥಿಲೀನ್ ನೀಲಿಯ ಒಂದು ಮಿಲಿಮೋಲ್ ಎಂದರೆ 320 ಮಿಲಿಗ್ರಾಂ. ಹಾಗಾದರೆ ಒಂದು ಗ್ರಾಂ ಮಣ್ಣು ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ಬಣ್ಣವನ್ನು ಹಿಡಿದಿಡಬಲ್ಲದು. ಈ ನಂಟು ಎಷ್ಟು ಖಚಿತವೆಂದರೆ, ಎರಕದ ಕಾರ್ಖಾನೆಗಳಲ್ಲಿ ಅಚ್ಚಿನ ಮರಳಿನಲ್ಲಿ ಕೆಲಸಕ್ಕೆ ಬರುವ ಬೆಂಟೊನೈಟ್ ಎಷ್ಟು ಉಳಿದಿದೆ ಎಂದು ಅಳೆಯಲು ಇದೇ ಮೆಥಿಲೀನ್ ನೀಲಿಯನ್ನು ಬಳಸುತ್ತಾರೆ. ಮಣ್ಣು ಬಣ್ಣವನ್ನು ತೆಗೆಯಿತು ಎನ್ನುವುದಕ್ಕಿಂತ ಬಣ್ಣವೇ ಮಣ್ಣನ್ನು ಅಳೆಯಿತು ಎನ್ನುವಷ್ಟು ಹೊಂದಾಣಿಕೆ ಇವೆರಡರ ನಡುವೆ ಇದೆ. ಇಂಥ ಜೋಡಿಯನ್ನು ನೋಡಿ ಉಳಿದ ಬಣ್ಣಗಳ ಬಗ್ಗೆ ಭರವಸೆ ಇಟ್ಟುಕೊಳ್ಳಲಾಗದು.

ಮಣ್ಣಿನ ಈ ಗುಣ ಹೊಸದಾಗಿ ಕಂಡದ್ದೇನೂ ಅಲ್ಲ. 1850ರಲ್ಲಿ ಥಾಮಸ್ ವೇ ಎಂಬ ಕೃಷಿ ರಸಾಯನಶಾಸ್ತ್ರಜ್ಞರು, ಮಣ್ಣು ಗೊಬ್ಬರದ ಅಮೋನಿಯಾವನ್ನು ಹಿಡಿದಿಟ್ಟುಕೊಂಡು ಬದಲಿಗೆ ಕ್ಯಾಲ್ಸಿಯಂ ಬಿಟ್ಟುಕೊಡುತ್ತದೆ ಎಂದು ತೋರಿಸಿದರು. ಅವರನ್ನು ಈ ಹಾದಿಗೆ ಎಳೆದ ಸಂಗತಿಗಳಲ್ಲಿ ಒಂದು, ರೈತರೊಬ್ಬರು ಗಂಜಲವನ್ನು ಸಾಮಾನ್ಯ ಹೊಲದ ಮಣ್ಣಿನ ಮೂಲಕ ಸೋಸಿದಾಗ ಅದರ ಬಣ್ಣವೂ ವಾಸನೆಯೂ ಹೋಗಿದ್ದವು ಎಂಬ ವರದಿ. ಮೊದಲ ಸಂಶ್ಲೇಷಿತ ಬಣ್ಣವಾದ ಮಾವ್ ಅನ್ನು ವಿಲಿಯಂ ಪರ್ಕಿನ್ ತಯಾರಿಸಿದ್ದು ಅದಾದ ಆರು ವರ್ಷಗಳಿಗೆ, 1856ರಲ್ಲಿ. ಕಾರ್ಖಾನೆಯ ಬಣ್ಣ ಹುಟ್ಟುವ ಮೊದಲೇ ಅದನ್ನು ಹಿಡಿಯುವ ಉಪಾಯದ ಅರ್ಧಭಾಗ ನಮಗೆ ಗೊತ್ತಿತ್ತು. ಉಳಿದ ಅರ್ಧಭಾಗ ನಿಮ್ಮ ಕೆಂಪು ನೀರಿನಲ್ಲಿದೆ.

ಹತ್ತಿಗೆ ಹಾಕುವ ಕೆಂಪು ಎಂದ ಮೇಲೆ ಅದು ಬಹುಮಟ್ಟಿಗೆ ರಿಯಾಕ್ಟಿವ್ ಬಣ್ಣವೇ ಆಗಿರಬೇಕು, ಇಲ್ಲವೇ ಹತ್ತಿಯನ್ನು ನೇರವಾಗಿ ಹಿಡಿಯುವ ಡೈರೆಕ್ಟ್ ಬಣ್ಣ. ಎರಡರಲ್ಲೂ ಅಣುವಿಗೆ ಸಲ್ಫೋನೇಟ್ ಗುಂಪುಗಳನ್ನು ಜೋಡಿಸಿರುತ್ತಾರೆ. ಬಣ್ಣ ನೀರಿನಲ್ಲಿ ಚೆನ್ನಾಗಿ ಕರಗಬೇಕೆಂಬುದೇ ಅದರ ಉದ್ದೇಶ. ಈ ಗುಂಪುಗಳು ಋಣಾವೇಶ ಹೊತ್ತಿರುತ್ತವೆ. ಒಂದೇ ಅಣುವಿನ ಮೇಲೆ ಎರಡು, ಮೂರು, ನಾಲ್ಕು ಇರುವುದೂ ಉಂಟು. ಮಣ್ಣಿನ ಹಾಳೆಯೂ ಋಣ, ಬಣ್ಣವೂ ಋಣ. ಒಂದನ್ನೊಂದು ದೂರ ತಳ್ಳುತ್ತವೆ. ಹತ್ತು ಪಟ್ಟಲ್ಲ, ನೂರು ಪಟ್ಟು ಹಾಕಿದ್ದರೂ ನಿಮಗೆ ಸಿಗುತ್ತಿದ್ದುದು ಕೆಂಪು ಕೆಸರು ಮಾತ್ರ.

ರಿಯಾಕ್ಟಿವ್ ಬಣ್ಣಕ್ಕೆ ಇನ್ನೊಂದು ತೊಡಕಿದೆ. ಅದು ನೂಲಿನ ಜೊತೆ ರಾಸಾಯನಿಕ ಬಂಧ ಕಟ್ಟಿಕೊಳ್ಳುತ್ತದೆ. ಒಗೆದರೂ ಬಿಡದ ಗಟ್ಟಿತನ ಬರುವುದು ಅದರಿಂದಲೇ. ಆದರೆ ಅದೇ ತೊಟ್ಟಿಯಲ್ಲಿ ಅದು ನೀರಿನೊಂದಿಗೂ ಪ್ರತಿಕ್ರಿಯಿಸುತ್ತದೆ. ಹಾಗೆ ನೀರಿನ ಪಾಲಾದ ಬಣ್ಣ ಮತ್ತೆ ನೂಲನ್ನು ಹಿಡಿಯಲಾರದು. ಬಣ್ಣ, ವಿಧಾನಗಳಿಗೆ ತಕ್ಕಂತೆ, ಹಾಕಿದ ಬಣ್ಣದಲ್ಲಿ ಹತ್ತರಲ್ಲಿ ಒಂದು ಪಾಲಿನಿಂದ ನಾಲ್ಕು ಪಾಲಿನವರೆಗೆ ಹೀಗೆ ಹೊರಟುಹೋಗುತ್ತದೆ. ಅದರ ಜೊತೆಗೆ ಬಣ್ಣವನ್ನು ನೂಲಿನತ್ತ ತಳ್ಳಲು ಹಾಕಿದ ಉಪ್ಪು ಲೀಟರಿಗೆ 40ರಿಂದ 100 ಗ್ರಾಂವರೆಗೆ ಇರುತ್ತದೆ. ಬಂಧ ಕಟ್ಟಲೆಂದು ಹಾಕಿದ ಸೋಡಾದಿಂದ ಪಿಎಚ್ 10.5–11ರ ಆಸುಪಾಸು ಇರುತ್ತದೆ. ಮೆಥಿಲೀನ್ ನೀಲಿಯ ಬಾಟಲಿಯಲ್ಲಿ ಇವು ಯಾವುವೂ ಇರಲಿಲ್ಲ.

ಹಾಗಾಗಿ ಖನಿಜ ಹುಡುಕುವ ಮೊದಲು ಬಣ್ಣದ ಡಬ್ಬಿಯ ಮೇಲಿನ ಹೆಸರು ಓದಿ. ಅಂಗಡಿಯ ಹೆಸರು ಏನೇ ಇರಲಿ, ಬಣ್ಣಗಳ ಅಂತರರಾಷ್ಟ್ರೀಯ ಸೂಚಿಯ ಹೆಸರಿನಲ್ಲಿ ಜಾತಿ ಮೊದಲೇ ಇರುತ್ತದೆ. ಮೆಥಿಲೀನ್ ನೀಲಿ ಎಂದರೆ ಬೇಸಿಕ್ ಬ್ಲೂ 9. ಮ್ಯಾಲಕೈಟ್ ಹಸಿರು ಬೇಸಿಕ್ ಗ್ರೀನ್ 4, ಕ್ರಿಸ್ಟಲ್ ವಯಲೆಟ್ ಬೇಸಿಕ್ ವಯಲೆಟ್ 3. ಬೇಸಿಕ್ ಎಂದಿದ್ದರೆ ಧನಾವೇಶದ ಬಣ್ಣ. ಅದಕ್ಕೆ ಬೆಂಟೊನೈಟ್‌ನಂಥ ಮಣ್ಣು ಸಾಕು. ಆಸಿಡ್, ಡೈರೆಕ್ಟ್, ರಿಯಾಕ್ಟಿವ್ ಎಂದಿದ್ದರೆ ಋಣಾವೇಶದ್ದು. ಕಾಂಗೋ ಕೆಂಪು ಡೈರೆಕ್ಟ್ ರೆಡ್ 28, ತುಂಬ ಬಳಕೆಯ ಕಪ್ಪು ರಿಯಾಕ್ಟಿವ್ ಬ್ಲ್ಯಾಕ್ 5. ವ್ಯಾಟ್ ಮತ್ತು ಡಿಸ್ಪರ್ಸ್ ಬಣ್ಣಗಳು ನೀರಿನಲ್ಲಿ ನಿಜಕ್ಕೂ ಕರಗಿರುವುದಿಲ್ಲ, ಸೂಕ್ಷ್ಮ ಕಣಗಳಾಗಿ ತೇಲುತ್ತಿರುತ್ತವೆ. ಅವುಗಳಿಗೆ ಅಧಿಶೋಷಣೆಯ ಗೊಡವೆಯೇ ಬೇಡ. ಪಟಿಕ ಹಾಕಿ ಗಸಿಗಟ್ಟಿಸುವುದು ಸುಲಭ.

ಈಗ ನಿಮ್ಮ ಕೆಂಪಿಗೆ ಆಗುವ ಖನಿಜದ ಮಾತು. ಬೇಕಾದದ್ದು ಧನಾವೇಶದ ಮೇಲ್ಮೈ. ನಿಸರ್ಗದ ಜೇಡಿಮಣ್ಣುಗಳು ಬಹುತೇಕ ಎಲ್ಲವೂ ಋಣ. ಅದಕ್ಕೆ ಅಪರೂಪದ ಅಪವಾದ ಹೈಡ್ರೋಟಾಲ್ಸೈಟ್. ಇದೂ ಹಾಳೆಗಳ ಕಟ್ಟೇ, ಆದರೆ ಮಾಂಟ್‌ಮೊರಿಲೊನೈಟ್‌ನ ಕಥೆಯನ್ನು ತಿರುಗಿಸಿ ಹೇಳಿದಂತಿದೆ. ಇಲ್ಲಿ ಮೆಗ್ನೀಸಿಯಂ ಇರಬೇಕಾದ ಕೆಲವು ಕಡೆ ಅಲ್ಯುಮಿನಿಯಂ ಕುಳಿತಿರುತ್ತದೆ. ಹಾಳೆಗೆ ಧನಾವೇಶ ಹೆಚ್ಚಾಗಿ, ಅದನ್ನು ಸರಿದೂಗಿಸಲು ಋಣ ಅಯಾನುಗಳು ಹಾಳೆಗಳ ನಡುವೆ ನಿಲ್ಲುತ್ತವೆ. ಗಣಿಯಲ್ಲಿ ಸಿಗುವುದು ಕಡಿಮೆ, ತಯಾರಿಸುವುದು ಕಷ್ಟವಲ್ಲ. ಮೆಗ್ನೀಸಿಯಂ ಮತ್ತು ಅಲ್ಯುಮಿನಿಯಂ ಲವಣಗಳ ದ್ರಾವಣವನ್ನು ಕ್ಷಾರದಲ್ಲಿ ಒತ್ತರಿಸಿದರೆ, ಎಂದರೆ ಕರಗಿದ್ದು ಘನವಾಗಿ ಹೊರಬೀಳುವಂತೆ ಮಾಡಿದರೆ, ಸಿಗುತ್ತದೆ. ಅದನ್ನು 450–500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಹಾಳೆಗಳು ಕುಸಿದು ಆಕ್ಸೈಡ್ ಮಿಶ್ರಣವಾಗುತ್ತದೆ. ಆ ಪುಡಿ ಮತ್ತೆ ನೀರಿಗೆ ಬಿದ್ದಾಗ ತನ್ನ ಹಳೆಯ ರೂಪವನ್ನು ನೆನಪಿಟ್ಟುಕೊಂಡಂತೆ ಹಾಳೆಗಳನ್ನು ಪುನಃ ಕಟ್ಟಿಕೊಳ್ಳುತ್ತದೆ, ಕಟ್ಟಿಕೊಳ್ಳುವಾಗ ಸುತ್ತಲಿನ ಋಣ ಅಯಾನುಗಳನ್ನು ಒಳಗೆ ಎಳೆದುಕೊಳ್ಳುತ್ತದೆ. ಖನಿಜ ಲೋಕದಲ್ಲಿ ನನಗೆ ತುಂಬ ಪ್ರಿಯವಾದ ವರ್ತನೆ ಇದು. ಕೆಂಪು ದ್ರಾವಣದಲ್ಲಿ ಬಿಳಿಯ ಪುಡಿ ಕೆಂಪಾಗುತ್ತಾ, ಮೇಲೆ ನೀರು ತೆಳುವಾಗುತ್ತಾ ಹೋಗುವುದನ್ನು ಎಷ್ಟು ಸಲ ನೋಡಿದರೂ ಸಾಕೆನಿಸುವುದಿಲ್ಲ.

ಆದರೆ ಇಲ್ಲೊಂದು ಮುಳ್ಳಿದೆ, ಅದನ್ನು ಹೇಳದೆ ಹೈಡ್ರೋಟಾಲ್ಸೈಟ್ ಕೊಳ್ಳಿರಿ ಎಂದರೆ ನಿಮಗೆ ಮೋಸ ಮಾಡಿದಂತಾಗುತ್ತದೆ. ಈ ಖನಿಜ ಎಲ್ಲಕ್ಕಿಂತ ಹೆಚ್ಚು ಇಷ್ಟಪಡುವ ಅಯಾನು ಕಾರ್ಬೊನೇಟ್. ನಿಮ್ಮ ತೊಟ್ಟಿಗೆ ಕ್ಷಾರವೆಂದು ನೀವು ಹಾಕುವುದು ಬಹುಶಃ ಸೋಡಿಯಂ ಕಾರ್ಬೊನೇಟ್. ಬಣ್ಣದ ಅಣು ಬಂದು ನೋಡುವಷ್ಟರಲ್ಲಿ ಜಾಗವೆಲ್ಲ ಕಾರ್ಬೊನೇಟ್ ಪಾಲಾಗಿರುತ್ತದೆ. ಸಲ್ಫೇಟ್ ಕೂಡ ಬಲವಾದ ಪೈಪೋಟಿದಾರ, ಕ್ಲೋರೈಡ್ ಅಷ್ಟಿಲ್ಲ. ತೊಟ್ಟಿಗೆ ಸಲ್ಫೇಟ್ ಆದ ಗ್ಲಾಬರ್ ಲವಣ ಹಾಕುತ್ತೀರೋ ಕ್ಲೋರೈಡ್ ಆದ ಅಡುಗೆ ಉಪ್ಪಿನ ಜಾತಿಯದೋ ಎಂಬುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ದಾರಿ ಇದೆ. ನೀರಿಗೆ ಆಮ್ಲವನ್ನು ನಿಧಾನವಾಗಿ ಸೇರಿಸಿ ಪಿಎಚ್ 5ರ ಹತ್ತಿರಕ್ಕೆ ಇಳಿಸಿದರೆ ಕಾರ್ಬೊನೇಟ್ ಇಂಗಾಲದ ಡೈಆಕ್ಸೈಡ್ ಆಗಿ ಗುಳ್ಳೆಯೆದ್ದು ಹೋಗುತ್ತದೆ. ಇದಕ್ಕೆ ಗಂಧಕಾಮ್ಲ ಬೇಡ, ಅದು ಸಲ್ಫೇಟ್ ತರುವುದರಿಂದ ಒಂದು ಪೈಪೋಟಿದಾರನನ್ನು ಓಡಿಸಿ ಇನ್ನೊಬ್ಬನನ್ನು ಕರೆತಂದಂತಾಗುತ್ತದೆ. ಗಾಳಿ ಊದಿ ಅನಿಲವನ್ನು ಪೂರ್ತಿ ಹೊರಹಾಕಿ, ಪಿಎಚ್ ಅನ್ನು ಮತ್ತೆ 7ರ ಮೇಲಕ್ಕೆ ತಂದ ನಂತರವೇ ಖನಿಜ ಹಾಕಬೇಕು. ಆಮ್ಲದಲ್ಲಿಯೇ ಹಾಕಿದರೆ ಖನಿಜವೇ ಕರಗುತ್ತದೆ. ಸುಟ್ಟ ಪುಡಿ ಹಾಳೆ ಕಟ್ಟಿಕೊಳ್ಳುವಾಗ ನೀರನ್ನು ತಾನಾಗಿಯೇ ಕ್ಷಾರೀಯಗೊಳಿಸುತ್ತದೆ ಎಂಬುದೂ ನೆನಪಿರಲಿ. ಹೊರಬಿಡುವ ಮೊದಲು ಇನ್ನೊಮ್ಮೆ ಪಿಎಚ್ ಸರಿಪಡಿಸಬೇಕಾಗುತ್ತದೆ.

ಇಷ್ಟೆಲ್ಲ ಮಾಡುವ ಬದಲು, ನೀರಿನ ಕ್ಷಾರೀಯತೆಯನ್ನೇ ಅನುಕೂಲವಾಗಿಸಿಕೊಳ್ಳುವ ಇನ್ನೊಂದು ಹಾದಿಯಿದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಅದನ್ನೇ ಪರೀಕ್ಷಿಸುತ್ತೇನೆ. ಪಿಎಚ್ 11ರ ಆಸುಪಾಸಿನ ನೀರಿಗೆ ಮೆಗ್ನೀಸಿಯಂ ಕ್ಲೋರೈಡ್ ಸೇರಿಸಿದರೆ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಒತ್ತರಿಸುತ್ತದೆ. ಇದೇ ವಸ್ತು ನಿಸರ್ಗದಲ್ಲಿ ಬ್ರೂಸೈಟ್ ಎಂಬ ಖನಿಜ. ಬಹುತೇಕ ಖನಿಜಗಳು ಇಷ್ಟು ಕ್ಷಾರದಲ್ಲಿ ಋಣಾವೇಶಕ್ಕೆ ತಿರುಗಿದರೆ, ಇದು ಇನ್ನೂ ಧನಾವೇಶ ಹೊತ್ತಿರುತ್ತದೆ. ನೀರಿನೊಳಗೇ ಹೊಸದಾಗಿ ಹುಟ್ಟಿದ ಈ ಹರಳುಗಳು ಸಲ್ಫೋನೇಟ್ ಬಣ್ಣಗಳನ್ನು ಹಿಡಿದುಕೊಂಡು ತಳಕ್ಕೆ ಇಳಿಯುತ್ತವೆ. ಪಿಎಚ್ ಸಾಲದಿದ್ದರೆ ಸ್ವಲ್ಪ ಸುಣ್ಣ ಸೇರಿಸಬೇಕು. ಕಾರ್ಬೊನೇಟ್ ಇಲ್ಲಿಯೂ ಒಂದಿಷ್ಟು ಮೆಗ್ನೀಸಿಯಂ ಅನ್ನು ತಿನ್ನುತ್ತದೆ, ಆದರೆ ಹೈಡ್ರೋಟಾಲ್ಸೈಟ್‌ನಲ್ಲಿ ಕಾಡಿದಷ್ಟು ಕಾಡುವುದಿಲ್ಲ. ತೊಂದರೆ ಎಂದರೆ ಗಸಿ ಲೋಳೆಯಂತಿದ್ದು ಬಹಳ ನೀರನ್ನು ಹಿಡಿದುಕೊಳ್ಳುತ್ತದೆ, ಹಿಂಡಿ ಒಣಗಿಸಲು ತಾಳ್ಮೆ ಬೇಕು.

ಉಳಿದ ಆಯ್ಕೆಗಳನ್ನು ಬೇಗ ಮುಗಿಸುತ್ತೇನೆ. ಗೋಥೈಟ್‌ನಂಥ ಕಬ್ಬಿಣದ ಖನಿಜಗಳು ಪಿಎಚ್ 7ಕ್ಕಿಂತ ಕೆಳಗೆ ಧನಾವೇಶ ಪಡೆಯುತ್ತವೆ, ಆದ್ದರಿಂದ ನೀರನ್ನು ಆಮ್ಲೀಯಗೊಳಿಸಿದರೆ ಮಾತ್ರ ಉಪಯೋಗ. ಬೆಂಟೊನೈಟ್‌ಗೇ ಉದ್ದ ಬಾಲದ ಧನಾವೇಶದ ಸಾಬೂನು ಜಾತಿಯ ಅಣುಗಳನ್ನು ಅಂಟಿಸಿ ಅದರ ಆವೇಶವನ್ನು ತಿರುಗಿಸಬಹುದು. ಪ್ರಯೋಗಶಾಲೆಯಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಆ ಅಣುಗಳು ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಂಡು ನೀರಿಗೆ ಸೇರಿದರೆ ಜಲಚರಗಳಿಗೆ ಬಣ್ಣಕ್ಕಿಂತ ಹೆಚ್ಚು ಹಾನಿ ಮಾಡಬಲ್ಲವು, ಸಣ್ಣ ಘಟಕಕ್ಕೆ ನಾನು ಅದನ್ನು ಹೇಳುವುದಿಲ್ಲ. ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ, ಅಲ್ಯುಮಿನಾ ಕಾರ್ಖಾನೆಯ ಕೆಂಪು ಕೆಸರು ಅಗ್ಗವೆಂದು ಯಾರಾದರೂ ಕೊಡಲು ಬಂದರೆ, ಅವುಗಳಿಂದ ಭಾರಲೋಹಗಳು ನೀರಿಗೆ ಇಳಿಯುವುದಿಲ್ಲವೆಂದು ಪರೀಕ್ಷೆಯಾಗುವವರೆಗೆ ಮುಟ್ಟಬೇಡಿ.

ಜಿಯೊಲೈಟ್ ಬಗ್ಗೆ ಒಂದು ಮಾತು ಹೆಚ್ಚು ಹೇಳಲೇಬೇಕು, ಏಕೆಂದರೆ ಅದರ ಹೆಸರಿನಲ್ಲಿ ಬಹಳ ಹಣ ವ್ಯರ್ಥವಾಗುತ್ತದೆ. ಅದು ರಂಧ್ರಗಳ ಖನಿಜ, ಅಯಾನು ವಿನಿಮಯದಲ್ಲಿ ಬೆಂಟೊನೈಟ್ ಅನ್ನೂ ಮೀರಿಸುತ್ತದೆ ಎಂದು ಕೇಳಿರುತ್ತೀರಿ. ಅಮೋನಿಯಂನಂಥ ಪುಟ್ಟ ಅಯಾನಿಗೆ ಅದು ನಿಜ. ಆದರೆ ಹೆಚ್ಚು ಸಿಗುವ ನೈಸರ್ಗಿಕ ಜಿಯೊಲೈಟ್ ಆದ ಕ್ಲಿನಾಪ್ಟಿಲೊಲೈಟ್‌ನ ಸುರಂಗಗಳ ಬಾಯಿ ಅತಿ ಅಗಲವಾದ ಕಡೆಯೂ 0.75 ನ್ಯಾನೋಮೀಟರ್ ಮಾತ್ರ, ಕಿರಿದಾದ ಕಡೆ 0.3. ಮೆಥಿಲೀನ್ ನೀಲಿಯಂಥ ಸಣ್ಣ ಬಣ್ಣದ ಅಣುವೇ ಸುಮಾರು 1.7 ನ್ಯಾನೋಮೀಟರ್ ಉದ್ದ, 0.76 ಅಗಲ. ರಿಯಾಕ್ಟಿವ್ ಬಣ್ಣಗಳು ಅದಕ್ಕಿಂತ ಎಷ್ಟೋ ದೊಡ್ಡವು. ಮನೆಯೊಳಗೆ ನೂರು ಕೋಣೆಗಳಿದ್ದು ಬಾಗಿಲಲ್ಲಿ ತಲೆ ತೂರದಿದ್ದರೆ ಏನು ಬಂತು? ಬಣ್ಣ ಹರಳಿನ ಹೊರಮೈಗೆ ಮಾತ್ರ ಅಂಟುತ್ತದೆ, ಆ ಹೊರಮೈ ತೀರಾ ಚಿಕ್ಕದು.

ಯಾವ ಖನಿಜವನ್ನೇ ಆರಿಸಿದರೂ ಪರೀಕ್ಷೆಯನ್ನು ನಿಮ್ಮ ತೊಟ್ಟಿಯ ನೀರಿನಲ್ಲೇ ಮಾಡಿ. ಆರು ಬಾಟಲಿಗಳಲ್ಲಿ ಒಂದೇ ನೀರು, ಖನಿಜದ ಪ್ರಮಾಣ ಮಾತ್ರ ಬೇರೆ ಬೇರೆ. ಒಂದರಲ್ಲಿ ಖನಿಜವನ್ನೇ ಹಾಕಬೇಡಿ. ಎಲ್ಲವನ್ನೂ ಒಂದೇ ಹೊತ್ತು ಕಲಕಿ, ನಂತರ ತಿಳಿನೀರಿನ ಬಣ್ಣ ಅಳೆಯಿರಿ. ಇಲ್ಲಿ ನಾನೇ ಬಿದ್ದ ಒಂದು ಹಳ್ಳವನ್ನು ನಿಮಗೆ ತೋರಿಸಬೇಕು. ಕಲಿಕೆಯ ದಿನಗಳಲ್ಲಿ ಒಂದು ಮಣ್ಣು ಅದ್ಭುತವಾಗಿ ನೀಲಿ ಹೀರುತ್ತಿದೆ ಎಂದು ತಿಂಗಳುಗಟ್ಟಲೆ ಅಂಕಿಗಳನ್ನು ಬರೆದಿಟ್ಟಿದ್ದೆ. ಒಂದು ದಿನ ಮಣ್ಣು ಹಾಕದ ಬಾಟಲಿಯ ನೀರನ್ನೂ ಸೋಸಿ ನೋಡಿದಾಗ ಅದೂ ತೆಳುವಾಗಿತ್ತು. ಬಣ್ಣದ ಒಂದು ಭಾಗವನ್ನು ಹೀರುತ್ತಿದ್ದುದು ಸೋಸುಕಾಗದ! ಕಾಗದದ ನಾರು ಧನಾವೇಶದ ಬಣ್ಣಗಳನ್ನು ಸುಲಭವಾಗಿ ಹಿಡಿಯುತ್ತದೆ. ಡೈರೆಕ್ಟ್ ಬಣ್ಣಗಳನ್ನಂತೂ ಹತ್ತಿಯನ್ನು ಹಿಡಿಯಲೆಂದೇ ಮಾಡಿರುವುದರಿಂದ ಕಾಗದವನ್ನೂ ಬಿಡುವುದಿಲ್ಲ. ಆ ಅಂಕಿಗಳನ್ನೆಲ್ಲ ಕೈಬಿಟ್ಟು ಮೊದಲಿನಿಂದ ಶುರು ಮಾಡಬೇಕಾಯಿತು. ಸೋಸಬೇಡಿ, ತಾನಾಗಿ ತಿಳಿಯಾಗಲು ಬಿಡಿ, ಇಲ್ಲವೇ ಸೆಂಟ್ರಿಫ್ಯೂಜ್ ಬಳಸಿ. ಇದರ ಎದುರು ದಿಕ್ಕಿನ ತಪ್ಪೂ ಇದೆ. ಮಣ್ಣಿನ ಸಣ್ಣ ಕಣಗಳು ನೀರಿನಲ್ಲಿ ಉಳಿದಿದ್ದರೆ ಬಣ್ಣ ಅಳೆಯುವ ಯಂತ್ರ ಆ ಮಬ್ಬನ್ನೂ ಬಣ್ಣವೆಂದೇ ಎಣಿಸುತ್ತದೆ.

ಪ್ರಕಟಿತ ಲೇಖನಗಳಲ್ಲಿ ಒಂದು ಗ್ರಾಂ ಖನಿಜ ಗರಿಷ್ಠ ಇಂತಿಷ್ಟು ಮಿಲಿಗ್ರಾಂ ಹಿಡಿಯುತ್ತದೆ ಎಂಬ ಅಂಕಿ ಇರುತ್ತದೆ. ಅದು ಸಾಮಾನ್ಯವಾಗಿ ಇರ್ವಿಂಗ್ ಲ್ಯಾಂಗ್‌ಮ್ಯೂರ್ 1918ರಲ್ಲಿ ಕೊಟ್ಟ ಸಮೀಕರಣದಿಂದ ಬಂದದ್ದು. ಜಾಗವೆಲ್ಲ ತುಂಬಿದಾಗ ಎಷ್ಟು ಎಂಬುದನ್ನು ಅದು ಹೇಳುತ್ತದೆ. ಜಾಗವೆಲ್ಲ ತುಂಬುವುದು ಸುತ್ತಲ ನೀರು ಇನ್ನೂ ಗಾಢ ಬಣ್ಣದ್ದಾಗಿರುವಾಗ. ನಿಮಗೆ ಬೇಕಾದದ್ದು ತಿಳಿನೀರು. ನೀರು ತೆಳುವಾದಂತೆ ಖನಿಜ ಹಿಡಿದಿಡುವ ಪ್ರಮಾಣವೂ ಇಳಿಯುತ್ತದೆ. ಲೆಕ್ಕದ ಅನುಕೂಲಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. 1,000 ಲೀಟರ್ ನೀರಿನಲ್ಲಿ ಲೀಟರಿಗೆ 100 ಮಿಲಿಗ್ರಾಂ ಬಣ್ಣವಿದೆ, ಅದನ್ನು 5ಕ್ಕೆ ಇಳಿಸಬೇಕು. ತೆಗೆಯಬೇಕಾದದ್ದು 95 ಗ್ರಾಂ. ನಿಮ್ಮ ಬಾಟಲಿಗಳ ಪರೀಕ್ಷೆಯ ಪ್ರಕಾರ, ನೀರಿನಲ್ಲಿ 5 ಮಿಲಿಗ್ರಾಂ ಉಳಿದಿರುವಾಗ ಖನಿಜ ಗ್ರಾಂಗೆ 40 ಮಿಲಿಗ್ರಾಂ ಹಿಡಿಯುತ್ತದೆ, 30 ಉಳಿದಿರುವಾಗ 120 ಹಿಡಿಯುತ್ತದೆ ಎನ್ನಿ. ಒಂದೇ ತೊಟ್ಟಿಯಲ್ಲಿ ಮಾಡಿದರೆ ಸುಮಾರು 2.4 ಕಿಲೋ ಖನಿಜ ಬೇಕು. ಅದರ ಬದಲು ಎರಡು ತೊಟ್ಟಿಗಳನ್ನಿಟ್ಟು, ಹೊಸ ಖನಿಜವನ್ನು ಮೊದಲು ಎರಡನೆಯ ತೊಟ್ಟಿಯ ತೆಳು ನೀರಿಗೆ ಹಾಕಿ, ತಳಕ್ಕಿಳಿದ ಅದನ್ನೇ ಎತ್ತಿ ಮೊದಲ ತೊಟ್ಟಿಯ ಗಾಢ ನೀರಿಗೆ ಹಾಕಿದರೆ, ಖನಿಜ ಹೊರಬೀಳುವಾಗ 120 ಮಿಲಿಗ್ರಾಂ ಹೊತ್ತಿರುತ್ತದೆ. ಆಗ 0.8 ಕಿಲೋ ಸಾಕು, ಮೂರನೆಯ ಒಂದು ಭಾಗ. ಗಸಿಯೂ ಅಷ್ಟೇ ಕಡಿಮೆ. ಹೊಸ ಹೊಸ ಖನಿಜಗಳ ಹಿಂದೆ ಓಡುವ ಶ್ರಮದಲ್ಲಿ ಸ್ವಲ್ಪವನ್ನು ಈ ಎರಡನೆಯ ತೊಟ್ಟಿಗೆ ಕೊಟ್ಟರೆ ಹೆಚ್ಚು ಫಲ ಸಿಗುತ್ತದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಬೆಂಟೊನೈಟ್ ಪುಡಿಯನ್ನು ಕೊಳವೆಯಲ್ಲಿ ತುಂಬಿ ಮೇಲಿಂದ ನೀರು ಹಾಯಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಅದು ಉಬ್ಬಿ ದಾರಿಯನ್ನೇ ಮುಚ್ಚುತ್ತದೆ. ಕೆರೆಗಳ ತಳದಲ್ಲಿ, ಕಸದ ಗುಂಡಿಗಳ ಅಡಿಯಲ್ಲಿ ನೀರು ಇಂಗದಂತೆ ಹಾಸುವುದೂ ಇದೇ ಮಣ್ಣನ್ನೇ. ಪುಡಿಯನ್ನು ತೊಟ್ಟಿಯಲ್ಲಿ ಕಲಕಿ, ಸ್ವಲ್ಪ ಪಟಿಕ ಹಾಕಿ ತಳಕ್ಕಿಳಿಸುವುದು ಸರಿಯಾದ ಕ್ರಮ.

ಬಳಸಿದ ಮಣ್ಣಿನ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಕೃತಜ್ಞ. ಬಹಳ ಮಂದಿ ಕೇಳುವುದೇ ಇಲ್ಲ. ಅಧಿಶೋಷಣೆಯಲ್ಲಿ ಬಣ್ಣ ನಾಶವಾಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೇ. ಒಂದು ಘಟಕದ ಹಿತ್ತಿಲಲ್ಲಿ ಬಳಸಿದ ಮಣ್ಣನ್ನು ಬಯಲಿನಲ್ಲಿ ರಾಶಿ ಹಾಕಿದ್ದನ್ನು ನೋಡಿದ್ದೇನೆ. ಮೊದಲ ಜೋರು ಮಳೆಗೆ ರಾಶಿಯ ಬುಡದಿಂದ ನೇರಳೆ ನೀರು ಹರಿದು ಚರಂಡಿ ಸೇರಿತು. ತಿಂಗಳುಗಳ ಕೆಲಸ ಒಂದು ಮಧ್ಯಾಹ್ನದಲ್ಲಿ ತೊಳೆದುಹೋಯಿತು. ಇಂದಿಗೂ ಅದನ್ನು ನೆನೆದರೆ ಸಂಕಟವಾಗುತ್ತದೆ. ಆದ್ದರಿಂದ ಗಸಿಯನ್ನು ಹಿಂಡಿ, ಒಣಗಿಸಿ, ಮಳೆ ಬೀಳದ, ನೆಲ ಹೀರದ ಜಾಗದಲ್ಲಿ ಇಡಿ. ಅಪಾಯಕಾರಿ ತ್ಯಾಜ್ಯಕ್ಕೆ ಅನುಮತಿ ಪಡೆದ ವಿಲೇವಾರಿ ಕೇಂದ್ರಕ್ಕೆ ಕಳಿಸುವುದು ಎಲ್ಲಕ್ಕಿಂತ ಸುರಕ್ಷಿತ. ಸುಟ್ಟು ಮರುಬಳಸುವುದು ಹೈಡ್ರೋಟಾಲ್ಸೈಟ್‌ಗೆ ಹೊಂದುತ್ತದೆ, ಆದರೆ ಪ್ರತಿ ಸುತ್ತಿಗೂ ಅದರ ಶಕ್ತಿ ಇಳಿಯುತ್ತದೆ. ಜೊತೆಗೆ ಸಲ್ಫರ್ ಇರುವ ಬಣ್ಣ ಸುಟ್ಟಾಗ ಬರುವ ಹೊಗೆಯನ್ನು ತೊಳೆಯುವ ವ್ಯವಸ್ಥೆ ಬೇಕು. ಬೆಂಟೊನೈಟ್ ಅನ್ನು 500 ಡಿಗ್ರಿ ದಾಟಿಸಿದರೆ ಅದರ ಹಾಳೆಗಳೇ ಕೆಡಲು ತೊಡಗುತ್ತವೆ. ಇಟ್ಟಿಗೆಯಲ್ಲಿ ಸೇರಿಸಿ ಸುಡುವ ಸಲಹೆಯೂ ಕೇಳಿಬರುತ್ತದೆ. ತಾಮ್ರ, ಕ್ರೋಮಿಯಂ ಇರುವ ಬಣ್ಣಗಳೂ ಇವೆ, ಸುಟ್ಟ ಇಟ್ಟಿಗೆಯಿಂದ ಲೋಹ ನೀರಿಗೆ ಬಿಡುವುದಿಲ್ಲವೆಂದು ಪರೀಕ್ಷಿಸದೆ ಅದಕ್ಕೆ ಕೈ ಹಾಕಬಾರದು.

ಮಣ್ಣಿನಲ್ಲಿ ಬಣ್ಣ ಗಟ್ಟಿಯಾಗಿ ಕೂರಲು ಸಾಧ್ಯವೇ ಇಲ್ಲವೆಂದಲ್ಲ. ಮಧ್ಯ ಅಮೆರಿಕದ ಮಾಯಾ ಜನರು ಪ್ಯಾಲಿಗೋರ್ಸ್ಕೈಟ್ ಎಂಬ ನಾರುನಾರಾದ ಜೇಡಿಖನಿಜದೊಂದಿಗೆ ನೀಲಿಯನ್ನು, ನಮ್ಮ ಇಂಡಿಗೋವನ್ನೇ, ಬೆರೆಸಿ ಬಿಸಿ ಮಾಡಿ ತಯಾರಿಸಿದ ವರ್ಣ ಸಾವಿರ ವರ್ಷಗಳ ನಂತರವೂ ಗೋಡೆಗಳ ಮೇಲೆ ಉಳಿದಿದೆ. ಆಮ್ಲಕ್ಕೂ ಅದು ಜಗ್ಗುವುದಿಲ್ಲ. ಬಣ್ಣದ ಅಣು ಖನಿಜದ ನಾಲೆಗಳ ಬಾಯಲ್ಲಿ ಸಿಕ್ಕಿ ನಿಂತುಬಿಟ್ಟಿದೆ. ತ್ಯಾಜ್ಯದ ಮಣ್ಣನ್ನು ಹಾಗೆ ಬಾಳುವ ವರ್ಣವಾಗಿಸುವ ಪ್ರಯತ್ನಗಳ ಬಗ್ಗೆ ನನಗೆ ಆಸೆಯಿದೆ. ನಿಮ್ಮ ಘಟಕಕ್ಕೆ ಇಂದು ಅದು ಉತ್ತರವಲ್ಲ.

ಇನ್ನೊಂದು ಎಚ್ಚರಿಕೆ. ನೀರು ತಿಳಿಯಾದ ಮಾತ್ರಕ್ಕೆ ಶುದ್ಧವಾಗಲಿಲ್ಲ. ಖನಿಜ ಆ 40–100 ಗ್ರಾಂ ಉಪ್ಪನ್ನು ಮುಟ್ಟುವುದಿಲ್ಲ, ಆ ನೀರು ಹೊಲಕ್ಕೆ ಹೋದರೆ ಬಣ್ಣವಿಲ್ಲದೆಯೂ ಬೆಳೆ ಸುಡುತ್ತದೆ. ಇದಕ್ಕಾಗಿಯೇ ನೂಲಿಗೆ ಬಣ್ಣ ಹಾಕಿದ ತೊಟ್ಟಿಯ ಗಾಢ, ಉಪ್ಪು ನೀರನ್ನೂ ನಂತರದ ತೊಳೆತಗಳ ನೀರನ್ನೂ ಬೆರೆಸದೆ ಬೇರೆ ಕೊಳವೆಯಲ್ಲಿ ಹರಿಸಬೇಕು. ತೊಳೆತದ ನೀರಿನಲ್ಲಿ ಉಪ್ಪು, ಕಾರ್ಬೊನೇಟ್ ಎರಡೂ ಕಡಿಮೆ, ಹೈಡ್ರೋಟಾಲ್ಸೈಟ್ ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಆ ನೀರನ್ನು ಮತ್ತೆ ತೊಳೆಯಲು ಬಳಸಲೂ ಬಹುದು. ಮೆಗ್ನೀಸಿಯಂ ವಿಧಾನವನ್ನು ಗಾಢ ನೀರಿಗೆ ಮೀಸಲಿಡಿ. ಅದರ ಉಪ್ಪಿಗೆ ಪೊರೆ ಸೋಸುವಿಕೆ ಅಥವಾ ಆವಿಯಾಗಿಸುವಿಕೆಯೇ ಬೇಕು, ಯಾವ ಮಣ್ಣೂ ಆಗದು.

ಕೊನೆಗೆ ಕುಂಬಾರರ ಮಣ್ಣು. ಅದರಲ್ಲಿ ಯಾವ ಖನಿಜವಿದೆ ಎಂಬುದರ ಮೇಲೆ ಹೋಗುತ್ತದೆ. ಕೆಯೊಲಿನೈಟ್ ಹೆಚ್ಚಿದ್ದರೆ 100 ಗ್ರಾಂಗೆ 3ರಿಂದ 15 ಮಿಲಿಮೋಲ್ ಮಾತ್ರ, ಬೆಂಟೊನೈಟ್‌ನ ಹತ್ತನೆಯ ಒಂದು ಭಾಗದ ಆಸುಪಾಸು. ಕೆಂಪು ನೀರಿಗಂತೂ ಎರಡೂ ಆಗುವುದಿಲ್ಲ. ಬೇಸಿಕ್ ಬಣ್ಣಗಳಿಗೆ ಬಳಸಬಹುದೇ ಎಂದು ನೀವೇ ಅರ್ಧ ಗಂಟೆಯಲ್ಲಿ ಅಳೆಯಬಹುದು. ಒಂದು ಗ್ರಾಂ ಒಣ ಮಣ್ಣನ್ನು ನೀರಿನಲ್ಲಿ ಕದಡಿ, ಅಳತೆಯ ಮೆಥಿಲೀನ್ ನೀಲಿ ದ್ರಾವಣವನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ, ಪ್ರತಿ ಸಲ ಒಂದೆರಡು ನಿಮಿಷ ಕಲಕಿ, ಗಾಜಿನ ಕಡ್ಡಿಯಿಂದ ಒಂದು ಹನಿಯನ್ನು ಸೋಸುಕಾಗದದ ಮೇಲಿಡಿ. ಮಣ್ಣಿನಲ್ಲಿ ಜಾಗ ಇರುವವರೆಗೆ ಕಾಗದದ ಮೇಲೆ ನಡುವೆ ಕಡುನೀಲಿ ಚುಕ್ಕೆ, ಸುತ್ತ ಬಣ್ಣವಿಲ್ಲದ ಒದ್ದೆ ಉಂಗುರ ಕಾಣುತ್ತದೆ. ಜಾಗ ತುಂಬಿದ ಕ್ಷಣ ಆ ಉಂಗುರಕ್ಕೆ ತಿಳಿನೀಲಿ ಏರುತ್ತದೆ. ಇನ್ನೆರಡು ನಿಮಿಷ ಕಲಕಿ ಮತ್ತೊಂದು ಹನಿ ಇಟ್ಟಾಗಲೂ ಉಂಗುರ ನೀಲಿಯಾಗಿಯೇ ಇದ್ದರೆ, ಅಲ್ಲಿಯವರೆಗೆ ಸೇರಿಸಿದ ಬಣ್ಣದ ಮಿಲಿಗ್ರಾಂ ಲೆಕ್ಕವೇ ಆ ಮಣ್ಣಿನ ಸಾಮರ್ಥ್ಯ. 300ರ ಹತ್ತಿರ ಬಂದರೆ ನಿಮ್ಮ ಕೈಯಲ್ಲಿರುವುದು ಒಳ್ಳೆಯ ಬೆಂಟೊನೈಟ್‌ಗೆ ಸಮನಾದ ಮಣ್ಣು, 30ರ ಆಸುಪಾಸಿನಲ್ಲೇ ನಿಂತರೆ ಅದನ್ನು ಕುಂಬಾರರಿಗೇ ಬಿಟ್ಟುಕೊಡಿ.